ಅಧ್ಯಾಪಕರಾಗಿ ಶ್ರೀ ರಾಘವೇಂದ್ರ ತೀರ್ಥರು

ತುಂಗಭದ್ರೆಯ ದಕ್ಷಿಣ ತೀರದ ಮಂತ್ರಾಲಯವನ್ನು ಅರಿಯದ ಕನ್ನಡಿಗರು ವಿರಳ. 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದವಾನಿ ಸೀಮೆಯ ಈ ಗ್ರಾಮಕ್ಕೆ ಹಿಂದೆ ಮಂಚಾಲೆ ಎಂದು ಹೆಸರು. ಇಲ್ಲಿ ಬೃಂದಾವನಸ್ಥರಾದ ಶ್ರೀ ರಾಘವೇಂದ್ರ ತೀರ್ಥರನ್ನು ಜನ ಭಕ್ತಿಯಿಂದ ರಾಯರೆಂದು ಕರೆಯುತ್ತಾರೆ. ಬೇಡಿದ್ದನ್ನು ಕರುಣಿಸುವ ಕಾಮಧೇನುವೆಂದು ನಂಬಿ ಅವರ ಸನ್ನಿಧಿಗೆ ಬರುವವರೇ ಹೆಚ್ಚು. ಆದರೆ ಗುರು ಎಂಬ ಪದದ ಮೂಲಾರ್ಥದಲ್ಲಿ, ಅಂದರೆ ಪಾಠ ಹೇಳುವವರಾಗಿ ಅವರು ಬಾಳಿದ ಬಗೆಯನ್ನು ನೆನೆಯುವವರು ಕಡಿಮೆ. ಶಾಲೆಯೊಂದರ ಶತಮಾನೋತ್ಸವ ಸಂಚಿಕೆಯಲ್ಲಿ ಅದನ್ನು ಸ್ಮರಿಸುವುದು ಉಚಿತ. ಅವರ ಸೋದರಳಿಯ ನಾರಾಯಣಾಚಾರ್ಯರು ರಚಿಸಿದ ಶ್ರೀರಾಘವೇಂದ್ರವಿಜಯವೆಂಬ ಸಂಸ್ಕೃತ ಕಾವ್ಯ ಮತ್ತು ಪರಂಪರೆಯ ಕಥನಗಳು ಈ ಚರಿತ್ರೆಯನ್ನು ಕಾಯ್ದುಕೊಂಡು ಬಂದಿವೆ.

ರಾಯರ ಪೂರ್ವಾಶ್ರಮದ ಹೆಸರು ವೆಂಕಟನಾಥ. ತಮಿಳುನಾಡಿನ ಭುವನಗಿರಿಯಲ್ಲಿ 1595ರ ಸುಮಾರಿಗೆ ತಿಮ್ಮಣ್ಣ ಭಟ್ಟ ಮತ್ತು ಗೋಪಿಕಾಂಬ ದಂಪತಿಗಳ ಮಗನಾಗಿ ಜನಿಸಿದರು. ವಿದ್ಯೆಯೇ ಆ ಮನೆತನದ ಆಸ್ತಿ. ಮುತ್ತಜ್ಜ ಕೃಷ್ಣ ಭಟ್ಟರು ಶ್ರೀಕೃಷ್ಣದೇವರಾಯನಿಗೆ ವೀಣೆ ಕಲಿಸಿದ ಗುರುಗಳೆಂದು ಪ್ರತೀತಿಯಿದೆ. ಬಾಲ್ಯದಲ್ಲಿಯೇ ತಂದೆ ತೀರಿಕೊಂಡುದರಿಂದ ಅಣ್ಣ ಗುರುರಾಜರು ತಮ್ಮನ ಪೋಷಣೆಯ ಹೊಣೆ ಹೊತ್ತರು. ಅಕ್ಕ ವೆಂಕಟಾಂಬೆಯ ಪತಿ ಲಕ್ಷ್ಮೀನರಸಿಂಹಾಚಾರ್ಯರು ಮಧುರೆಯ ತಮ್ಮ ಮನೆಯಲ್ಲಿ ಆರಂಭದ ಪಾಠಗಳನ್ನು ಹೇಳಿದರು.

ಉನ್ನತ ವ್ಯಾಸಂಗಕ್ಕಾಗಿ ವೆಂಕಟನಾಥರು ಕುಂಭಕೋಣದಲ್ಲಿ ಶ್ರೀ ಸುಧೀಂದ್ರ ತೀರ್ಥರ ಬಳಿ ಸೇರಿದರು. ಅಲ್ಲಿ ಓದಿದ ಮುಖ್ಯ ಗ್ರಂಥ ಜಯತೀರ್ಥರ ನ್ಯಾಯಸುಧಾ. ವಿದ್ಯಾರ್ಥಿ ದೆಸೆಯ ಒಂದು ಪ್ರಸಂಗವನ್ನು ಪರಂಪರೆ ಪ್ರೀತಿಯಿಂದ ಹೇಳುತ್ತದೆ. ಹಗಲಿನ ಪಾಠದಲ್ಲಿ ಕಠಿಣವೆನಿಸಿದ ಸ್ಥಳಗಳಿಗೆ ವೆಂಕಟನಾಥರು ರಾತ್ರಿ ಕುಳಿತು ವಿವರಣೆ ಬರೆಯುತ್ತಿದ್ದರು. ಎಣ್ಣೆ ದೀಪಕ್ಕೆ ಗತಿಯಿಲ್ಲದೆ ಒಣಗಿದ ಎಲೆಗಳನ್ನು ಉರಿಸಿಕೊಂಡು ಆ ಬೆಳಕಿನಲ್ಲಿ ಬರೆದದ್ದುಂಟು. ಇದನ್ನರಿಯದ ಸಹಪಾಠಿಗಳು ಅವರನ್ನು ಸೋಮಾರಿಯೆಂದು ಗುರುಗಳಲ್ಲಿ ದೂರಿದರು. ಒಂದು ರಾತ್ರಿ ಗುರುಗಳು ಬಂದು ನೋಡಿದಾಗ ಶಿಷ್ಯ ಚಳಿಯಲ್ಲಿ ಹೊದಿಕೆಯಿಲ್ಲದೆ ಮಲಗಿದ್ದನು, ಪಕ್ಕದಲ್ಲಿ ಬರೆದಿಟ್ಟ ಓಲೆಗಳಿದ್ದವು. ಅಂದಿನ ಪಾಠದಲ್ಲಿ ತಮಗೇ ತೃಪ್ತಿಯಾಗದೆ ಉಳಿದಿದ್ದ ಸ್ಥಳಕ್ಕೆ ಆ ಓಲೆಗಳಲ್ಲಿ ಸಮಾಧಾನ ಕಂಡ ಗುರುಗಳು ತಮ್ಮ ಶಾಲನ್ನೇ ಶಿಷ್ಯನಿಗೆ ಹೊದಿಸಿ ಓಲೆಗಳನ್ನು ಕೊಂಡೊಯ್ದರು. ಮರುದಿನ ಎಲ್ಲರ ಮುಂದೆ ಆ ಬರಹವನ್ನು ಮೆಚ್ಚಿ ಪರಿಮಳಾಚಾರ್ಯರೆಂಬ ಬಿರುದನ್ನಿತ್ತರು. ಶಿಷ್ಯನು ತನಗಿಂತ ಮುಂದೆ ನಡೆದಾಗ ಸಂತೋಷಪಟ್ಟ ಗುರುವಿನ ಹಿರಿಮೆಯೂ ಇಲ್ಲಿ ಗಮನಾರ್ಹ.

ವ್ಯಾಸಂಗ ಮುಗಿಸಿದ ವೆಂಕಟನಾಥರು ಸರಸ್ವತಿಯೊಡನೆ ಗೃಹಸ್ಥಾಶ್ರಮದಲ್ಲಿದ್ದು ಮಕ್ಕಳಿಗೆ ಪಾಠ ಹೇಳತೊಡಗಿದರು. ವಿದ್ಯೆಯನ್ನು ಮಾರಬಾರದೆಂಬ ನಿಲುವಿನಿಂದ ಯಾರಿಂದಲೂ ಶುಲ್ಕ ಪಡೆಯಲಿಲ್ಲ. ಇದರ ಬೆಲೆಯನ್ನು ಇಡೀ ಸಂಸಾರ ತೆರಬೇಕಾಯಿತು. ಮನೆಯಲ್ಲಿ ಉಪವಾಸದ ದಿನಗಳು ಹೆಚ್ಚಾದವು, ಉಡಲು ಬಟ್ಟೆಗೂ ಕೊರತೆಯಾಯಿತು. ಸಮಾರಂಭವೊಂದರಲ್ಲಿ ಈ ಬಡ ಪಂಡಿತರಿಗೆ ಊಟಕ್ಕೆ ಪ್ರತಿಯಾಗಿ ಗಂಧ ತೇಯುವ ಕೆಲಸ ಹಚ್ಚಿದರೆಂದೂ, ಅವರು ಅಗ್ನಿಸೂಕ್ತ ಪಠಿಸುತ್ತ ತೇಯ್ದ ಗಂಧ ಲೇಪಿಸಿಕೊಂಡವರ ಮೈ ಉರಿಯಿತೆಂದೂ ಕಥೆಯಿದೆ. ಪವಾಡದ ಮಾತು ಹಾಗಿರಲಿ, ಪಾಠ ಹೇಳುವವನನ್ನು ಸಮಾಜ ಅಂದು ಎಲ್ಲಿ ಕೂರಿಸಿತ್ತೆಂಬುದನ್ನು ಆ ಕಥೆ ಸ್ಪಷ್ಟವಾಗಿ ತಿಳಿಸುತ್ತದೆ.

ವಯಸ್ಸಾದ ಸುಧೀಂದ್ರ ತೀರ್ಥರು ಪೀಠಕ್ಕೆ ಉತ್ತರಾಧಿಕಾರಿಯಾಗಿ ಇವರನ್ನೇ ಬಯಸಿದರು. ಪತ್ನಿ ಇನ್ನೂ ಎಳೆಯಳು, ಮಗ ಲಕ್ಷ್ಮೀನಾರಾಯಣನಿಗೆ ಉಪನಯನವೂ ಆಗಿರಲಿಲ್ಲ. ಆದ್ದರಿಂದ ವೆಂಕಟನಾಥರು ಮೊದಲು ಒಪ್ಪಲಿಲ್ಲ. ಕನಸಿನಲ್ಲಿ ವಿದ್ಯಾದೇವತೆಯೇ ಬಂದು ಪ್ರೇರೇಪಿಸಿದ ಮೇಲೆ ಮನಸ್ಸು ಮಾಡಿದರೆಂದು ಚರಿತ್ರೆಕಾರರು ಬರೆಯುತ್ತಾರೆ. ಮಗನ ಉಪನಯನ ನೆರವೇರಿಸಿ 1621ರಲ್ಲಿ ತಂಜಾವೂರಿನಲ್ಲಿ ಸಂನ್ಯಾಸ ಸ್ವೀಕರಿಸಿದರು. ಅಗಲಿಕೆಯನ್ನು ತಾಳಲಾರದೆ ಸರಸ್ವತಿ ಪ್ರಾಣ ಕಳೆದುಕೊಂಡರು. ಈ ದುಃಖವನ್ನು ಮರೆತು ರಾಯರ ವಿದ್ಯಾಜೀವನವನ್ನು ಕೊಂಡಾಡುವುದು ನ್ಯಾಯವಲ್ಲ.

ಪೀಠವೇರಿದ ಮೇಲೆ 50 ವರ್ಷಗಳ ಕಾಲ ಸಂಚಾರ, ಪಾಠ ಮತ್ತು ಗ್ರಂಥರಚನೆ ಜೊತೆಜೊತೆಗೆ ಸಾಗಿದವು. ಅವರ ಹೆಸರಿನಲ್ಲಿ 40ಕ್ಕೂ ಹೆಚ್ಚು ಕೃತಿಗಳಿವೆ. ಅವುಗಳಲ್ಲಿ ಹೆಚ್ಚಿನವು ವ್ಯಾಖ್ಯಾನಗಳು. ಮಧ್ವಾಚಾರ್ಯರ ಅನುವ್ಯಾಖ್ಯಾನ ಅತಿ ಅಡಕವಾದ ಪದ್ಯಗ್ರಂಥ. ಅದನ್ನು ಬಿಡಿಸಲು ಹೊರಟ ನ್ಯಾಯಸುಧಾ ಪ್ರೌಢ ತರ್ಕದಿಂದ ಕೂಡಿದ ಮಹಾಗ್ರಂಥ. ಅದನ್ನು ಓದುವವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಕೈಹಿಡಿಯುವುದು ರಾಯರ ಪರಿಮಳ. ಇಂದಿಗೂ ಸುಧಾಪಾಠದಲ್ಲಿ ಅದು ಜೊತೆಗಿರುತ್ತದೆ, ಪಾಠ ಮುಗಿದಾಗ ಸುಧಾಮಂಗಳವೆಂಬ ಉತ್ಸವ ನಡೆಯುತ್ತದೆ. ಉಪನಿಷತ್ತುಗಳಿಗೆ ಖಂಡಾರ್ಥ, ಗೀತೆಗೆ ವಿವೃತಿ, ಬ್ರಹ್ಮಸೂತ್ರಗಳಿಗೆ ತಂತ್ರದೀಪಿಕಾ, ಹೀಗೆ ಅವರ ಬರಹದ ಹಿಂದೆ ಎದುರಿಗೆ ಕುಳಿತ ಶಿಷ್ಯನ ನೆನಪು ಸದಾ ಇದೆ. ಭಾಟ್ಟಸಂಗ್ರಹದಲ್ಲಿ ತಮ್ಮ ಸಿದ್ಧಾಂತಕ್ಕೆ ಸೇರದ ಕುಮಾರಿಲ ಭಟ್ಟರ ಮೀಮಾಂಸಾ ಮಾರ್ಗವನ್ನು ಅದರದೇ ರೀತಿಯಲ್ಲಿ ನಿರೂಪಿಸಿದರು. ತಾನು ಒಪ್ಪದ ಮತವನ್ನೂ ವಿರೂಪಗೊಳಿಸದೆ ಕಲಿಸುವುದು ಒಳ್ಳೆಯ ಅಧ್ಯಾಪಕನ ಲಕ್ಷಣ.

ಕೊನೆಯ ಕಾಲದಲ್ಲಿ ರಾಯರು ನಮ್ಮ ಸೀಮೆಗೆ ಬಂದರು. ನದಿಯಾಚೆ, ಇಂದಿನ ರಾಯಚೂರು ಜಿಲ್ಲೆಯ ಬಿಚ್ಚಾಲಿಯಲ್ಲಿ ಗುರುಕುಲ ನಡೆಸುತ್ತಿದ್ದ ಅಪ್ಪಣ್ಣಾಚಾರ್ಯರು ಅವರ ಆಪ್ತ ಶಿಷ್ಯರಾದರು. ಈಚೆಯ ಆದವಾನಿಯಲ್ಲಿ ಆಗ ಬಿಜಾಪುರದ ಪರವಾಗಿ ಸಿದ್ದಿ ಮಸೂದ್ ಖಾನನ ಆಡಳಿತ. ಅಲ್ಲಿ ದಿವಾನನಾದ ವೆಂಕಣ್ಣನ ಕಥೆ ಈ ಭಾಗದಲ್ಲಿ ಮನೆಮನೆಗೆ ಗೊತ್ತು. ತಂದೆತಾಯಿಯಿಲ್ಲದ ಆ ಹುಡುಗ ಸೋದರಮಾವನ ಮನೆಯಲ್ಲಿ ದನ ಕಾಯುತ್ತಿದ್ದ, ಅವನಿಗೆ ಅಕ್ಷರ ಕಲಿಸುವವರಿರಲಿಲ್ಲ. ದಾರಿಯಲ್ಲಿ ಬಂದ ನವಾಬನು ಪತ್ರವೊಂದನ್ನು ಕೊಟ್ಟು ಓದೆಂದು ಗದರಿಸಿದಾಗ ಹುಡುಗ ಹಿಂದೊಮ್ಮೆ ತನ್ನನ್ನು ಹರಸಿದ್ದ ರಾಯರನ್ನು ನೆನೆದ, ಕೂಡಲೇ ಅಕ್ಷರಗಳು ಅವನಿಗೆ ಒಲಿದವು. ಮುಂದೆ ಅದೇ ವೆಂಕಣ್ಣನ ಮೂಲಕ ಮಂಚಾಲೆ ಗ್ರಾಮ ರಾಯರಿಗೆ ದೊರೆಯಿತೆಂದು ಪರಂಪರೆ ಹೇಳುತ್ತದೆ. ಭಕ್ತರಿಗೆ ಇದು ಮಹಿಮೆ. ಓದಲು ಬಾರದವನ ಅಂಜಿಕೆಯನ್ನು ಕಂಡ ಶಿಕ್ಷಕರಿಗೆ ಇದು ಇನ್ನೂ ಒಂದು ಕಾರಣಕ್ಕೆ ಹತ್ತಿರದ ಕಥೆ.

1671ರ ಶ್ರಾವಣ ಬಹುಳ ಬಿದಿಗೆಯಂದು ರಾಯರು ಮಂಚಾಲೆಯಲ್ಲಿ ಬೃಂದಾವನ ಪ್ರವೇಶ ಮಾಡಿದರು. ಸುದ್ದಿ ತಿಳಿದ ಅಪ್ಪಣ್ಣಾಚಾರ್ಯರು ತುಂಬಿ ಹರಿಯುವ ಹೊಳೆ ದಾಟಿ ಗುರುಗಳನ್ನು ಸ್ತುತಿಸುತ್ತ ಓಡಿಬಂದರೆಂಬುದು ಪ್ರಸಿದ್ಧ.

ಆದವಾನಿ, ಮಂತ್ರಾಲಯ ಸೀಮೆ ಇಂದಿಗೂ ಮಳೆ ನಂಬಿದ ನಾಡು. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ಕುಟುಂಬಗಳೊಡನೆ ಮಕ್ಕಳೂ ಹೊರಡುತ್ತಾರೆ, ತರಗತಿಗಳು ಬರಿದಾಗುತ್ತವೆ. ನಡುವೆ ಅಕ್ಷರ ತಪ್ಪಿಹೋದ ವೆಂಕಣ್ಣಂದಿರು ನಮ್ಮ ಹಳ್ಳಿಗಳಲ್ಲಿ ಈಗಲೂ ಇದ್ದಾರೆ. ಅಂಥ ಒಬ್ಬ ಮಗು ಶಾಲೆಗೆ ಮರಳಿದಾಗ ಬಿಟ್ಟುಹೋದ ಪಾಠವನ್ನು ಬಿಡಿಸಿ ಹೇಳುವ ತಾಳ್ಮೆ ಶಿಕ್ಷಕರಲ್ಲಿರಲಿ, ಅವನನ್ನು ಕಳುಹಿಸುವ ಮನಸ್ಸು ಪಾಲಕರಲ್ಲಿರಲಿ, ಅದಕ್ಕೆ ಬೇಕಾದ ಪುಸ್ತಕ, ದೀಪ, ಊಟಗಳನ್ನು ಒದಗಿಸುವ ಕಾಳಜಿ ಹಳೆಯ ವಿದ್ಯಾರ್ಥಿಗಳಲ್ಲಿರಲಿ. ಎಲೆಯುರಿಯ ಬೆಳಕಿನಲ್ಲಿ ಓದಿ, ಹಸಿದು ಪಾಠ ಹೇಳಿದ ಅಧ್ಯಾಪಕರಿಗೆ ಈ ನೆಲದ ಶಾಲೆ ಸಲ್ಲಿಸಬಹುದಾದ ಸೇವೆ ಇದೇ.