ಸರ್ ಥಾಮಸ್ ಮನ್ರೋ: ಬಳ್ಳಾರಿ ಸೀಮೆಯ ಶಾಲೆಗಳ ಮೊದಲ ಗಣತಿ

ಪೀಠಿಕೆ

ಇಂದಿನ ವಿಜಯನಗರ ಜಿಲ್ಲೆಗೆ ಸೇರಿದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಪ್ರದೇಶವು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಈ ಪ್ರದೇಶದಲ್ಲಿ ಎಷ್ಟು ಶಾಲೆಗಳಿವೆ, ಅವುಗಳಲ್ಲಿ ಯಾವ ಯಾವ ವರ್ಗದ ಮಕ್ಕಳು ಓದುತ್ತಾರೆ, ಉಪಾಧ್ಯಾಯರ ಜೀವನ ಹೇಗೆ ನಡೆಯುತ್ತದೆ ಎಂಬುದನ್ನು ಸರ್ಕಾರವು ವ್ಯವಸ್ಥಿತವಾಗಿ ವಿಚಾರಿಸಿದ್ದು 1822-23ರಲ್ಲಿ. ಆ ವಿಚಾರಣೆಗೆ ಆದೇಶ ನೀಡಿದವರು ಅಂದಿನ ಮದ್ರಾಸ್ ಗವರ್ನರ್ ಸರ್ ಥಾಮಸ್ ಮನ್ರೋ. ಬಳ್ಳಾರಿ, ಅನಂತಪುರ, ಮಂತ್ರಾಲಯದ ಪರಿಸರದಲ್ಲಿ ಇವರ ಹೆಸರು ಐತಿಹ್ಯಗಳ ಮೂಲಕ ಜನಜನಿತವಾಗಿದೆ. ಆದರೆ ತಾಲ್ಲೂಕಿಗೊಂದು ಸರ್ಕಾರಿ ಶಾಲೆ ಇರಬೇಕೆಂಬ ಅವರ ಯೋಜನೆಯು ಅಷ್ಟಾಗಿ ಪರಿಚಿತವಾಗಿಲ್ಲ. ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಆರಂಭಿಕ ಜೀವನ

ಥಾಮಸ್ ಮನ್ರೋರವರು 1761ರ ಮೇ 27ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದರು. ತಂದೆ ಅಮೆರಿಕದ ವರ್ಜೀನಿಯಾದೊಡನೆ ವ್ಯಾಪಾರ ನಡೆಸುತ್ತಿದ್ದ ವರ್ತಕರು. ಬಾಲ್ಯದಲ್ಲಿ ದಡಾರ ಬಂದು ಮನ್ರೋರವರ ಶ್ರವಣಶಕ್ತಿ ಕುಂದಿತು. ಆದರೂ ಅವರು ವಿದ್ಯಾಭ್ಯಾಸವನ್ನು ಮುಂದುವರಿಸಿ ಗ್ಲಾಸ್ಗೋ ವಿಶ್ವವಿದ್ಯಾಲಯದವರೆಗೆ ತಲುಪಿದರು. ಅಮೆರಿಕದ ಸ್ವಾತಂತ್ರ್ಯ ಸಮರದಿಂದ ತಂದೆಯ ವ್ಯಾಪಾರ ಕುಸಿದು ಮನೆತನವು ಸಂಕಷ್ಟಕ್ಕೆ ಸಿಲುಕಿದಾಗ, ಅವರು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಕೆಡೆಟ್ ಆಗಿ ಸೇರಿ 1780ರ ಜನವರಿಯಲ್ಲಿ ಮದ್ರಾಸಿಗೆ ಬಂದಿಳಿದರು.

ಹೈದರಾಲಿಯ ವಿರುದ್ಧದ ಯುದ್ಧದಲ್ಲಿ ಸೇವೆ ಸಲ್ಲಿಸಿದ ಅವರನ್ನು 1792ರಲ್ಲಿ ಬಾರಾಮಹಲ್ ಪ್ರದೇಶದ ಕಂದಾಯ ಆಡಳಿತಕ್ಕೆ ನಿಯೋಜಿಸಲಾಯಿತು. 1799ರಲ್ಲಿ ಕೆನರಾ ಪ್ರದೇಶದ ಆಡಳಿತ ಅವರ ಪಾಲಿಗೆ ಬಂದಿತು.

ದತ್ತ ಮಂಡಲದ ಪ್ರಧಾನ ಕಲೆಕ್ಟರ್

1800ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿ, ಅನಂತಪುರ, ಕಡಪ ಮುಂತಾದ ಪ್ರದೇಶಗಳನ್ನು ಕಂಪನಿಗೆ ಬಿಟ್ಟುಕೊಟ್ಟರು. ಹೀಗೆ ದತ್ತವಾದ ಪ್ರದೇಶಕ್ಕೆ ದತ್ತ ಮಂಡಲ ಎಂಬ ಹೆಸರು ಬಂದಿತು. ಮನ್ರೋರವರು ಇದರ ಪ್ರಧಾನ ಕಲೆಕ್ಟರ್ ಆಗಿ ನೇಮಕಗೊಂಡು 1807ರವರೆಗೆ ಆಡಳಿತ ನಡೆಸಿದರು. ಪಾಳೆಯಗಾರರನ್ನು ಅವರು ನಿಷ್ಠುರವಾಗಿ ಹತೋಟಿಗೆ ತಂದರು. ಬಹುಕಾಲ ಡೇರೆಗಳಲ್ಲಿ ವಾಸಿಸುತ್ತ ಹಳ್ಳಿಯಿಂದ ಹಳ್ಳಿಗೆ ಸಂಚರಿಸಿ, ಹೊಲಹೊಲವನ್ನೂ ಅಳತೆ ಮಾಡಿಸಿ, ರೈತನಿಂದ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಯನ್ನು ನೆಲೆಗೊಳಿಸಿದರು.

ಈ ಕಂದಾಯದ ದರ ಹಗುರವಾಗಿರಲಿಲ್ಲ. ಇದನ್ನು ಸ್ವತಃ ಕಂಡುಕೊಂಡ ಮನ್ರೋರವರು 1807ರಲ್ಲಿ ಕಂದಾಯವನ್ನು ನಾಲ್ಕನೆಯ ಒಂದು ಭಾಗದಷ್ಟು ಇಳಿಸುವಂತೆ ಶಿಫಾರಸು ಮಾಡಿದರು. ಆಗ ಅದು ಅಂಗೀಕಾರವಾಗಲಿಲ್ಲ. ಅವರು ಗವರ್ನರ್ ಆಗಿ ಹಿಂದಿರುಗಿದ ನಂತರವೇ ಆ ಇಳಿಕೆ ಜಾರಿಗೆ ಬಂದಿತು. ನಡುವಿನ ವರ್ಷಗಳ ಬಡತನದ ಪರಿಣಾಮವು ಮುಂದೆ ಶಾಲೆಗಳ ವರದಿಯಲ್ಲಿಯೂ ಗೋಚರಿಸಿತು.

1822ರ ಆದೇಶ

ಮನ್ರೋರವರು 1820ರ ಜೂನ್ ತಿಂಗಳಲ್ಲಿ ಮದ್ರಾಸಿನ ಗವರ್ನರ್ ಆದರು. ಭೂಮಿಯ ಅಳತೆ, ಬೆಳೆಯ ಲೆಕ್ಕ ಎಲ್ಲವೂ ಸರ್ಕಾರದ ಬಳಿ ಇದ್ದರೂ ಜನರ ವಿದ್ಯಾಭ್ಯಾಸದ ಬಗ್ಗೆ ಯಾವ ದಾಖಲೆಯೂ ಇಲ್ಲವೆಂಬುದನ್ನು ಅವರು ಮನಗಂಡರು. 1822ರ ಜೂನ್ 25ರ ಟಿಪ್ಪಣಿಯ ಮೂಲಕ, ಪ್ರತಿಯೊಂದು ಜಿಲ್ಲೆಯ ಕಲೆಕ್ಟರರು ತಮ್ಮ ವ್ಯಾಪ್ತಿಯ ಶಾಲೆಗಳ ಪಟ್ಟಿಯನ್ನು ವಿದ್ಯಾರ್ಥಿಗಳ ಸಂಖ್ಯೆ ಮತ್ತು ಜಾತಿವಾರು ವಿವರಗಳೊಂದಿಗೆ ಸಲ್ಲಿಸಬೇಕೆಂದು ಸೂಚಿಸಿದರು. ಶಾಲೆಗಳ ವ್ಯವಹಾರದಲ್ಲಿ ಕೈಹಾಕುವುದು ಇದರ ಉದ್ದೇಶವಾಗಿರಲಿಲ್ಲ. ಮೊದಲು ವಾಸ್ತವ ಸ್ಥಿತಿಯನ್ನು ತಿಳಿಯುವುದಾಗಿತ್ತು.

ಬಳ್ಳಾರಿ ಜಿಲ್ಲೆಯ ವರದಿ

ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್‌ರವರು ತೆಲುಗು ವ್ಯಾಕರಣವನ್ನು ರಚಿಸಿದ ವಿದ್ವಾಂಸರೂ ಆಗಿದ್ದರು. 1823ರ ಆಗಸ್ಟ್‌ನಲ್ಲಿ ಅವರು ಸಲ್ಲಿಸಿದ ವರದಿಯು ಪ್ರಾಂತ್ಯದ ಎಲ್ಲ ವರದಿಗಳ ಪೈಕಿ ಅತ್ಯಂತ ವಿವರವಾದವುಗಳಲ್ಲಿ ಒಂದಾಗಿದೆ. ಅದರ ಮುಖ್ಯಾಂಶಗಳು ಈ ಕೆಳಗಿನಂತಿವೆ.

- ಜಿಲ್ಲೆಯ ಜನಸಂಖ್ಯೆ 9,27,857, ಶಾಲೆಗಳು 533, ವಿದ್ಯಾರ್ಥಿಗಳು 6,641.
- ಕನ್ನಡ ಶಾಲೆಗಳು 235, ತೆಲುಗು 226, ಮರಾಠಿ 23, ಸಂಸ್ಕೃತ 23, ಪಾರಸಿ 21, ತಮಿಳು 4 ಮತ್ತು ಇಂಗ್ಲಿಷ್ 1.
- ಹಿಂದೂ ಬಾಲಕರು 6,338. ಇವರಲ್ಲಿ ಬ್ರಾಹ್ಮಣರು 1,185, ವೈಶ್ಯರು 981, ಶೂದ್ರರು 2,998 ಹಾಗೂ ಇತರ ಜಾತಿಯವರು 1,174.
- ಮುಸ್ಲಿಂ ಬಾಲಕರು 243.
- ಬಾಲಕಿಯರು ಇಡೀ ಜಿಲ್ಲೆಯಲ್ಲಿ 60 ಮಾತ್ರ. ಇವರಲ್ಲಿ ಮುಸ್ಲಿಂ ಬಾಲಕಿಯರು ಒಬ್ಬರೂ ಇರಲಿಲ್ಲ.

ಶಾಲೆಗಳ ದಿನಚರಿಯನ್ನೂ ವರದಿಯು ದಾಖಲಿಸಿದೆ. ಐದನೆಯ ವಯಸ್ಸಿಗೆ ಮಗುವನ್ನು ಶಾಲೆಗೆ ಸೇರಿಸಲಾಗುತ್ತಿತ್ತು. ಬೆಳಿಗ್ಗೆ ಆರು ಗಂಟೆಗೆ ಶಾಲೆ ಆರಂಭವಾಗುತ್ತಿತ್ತು. ಉಪಾಹಾರಕ್ಕೂ ಮಧ್ಯಾಹ್ನದ ಊಟಕ್ಕೂ ಮಕ್ಕಳು ಮನೆಗೆ ಹೋಗಿ ಬರುತ್ತಿದ್ದರು. ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ನಂತರ ಹಲಗೆ ಅಥವಾ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಮುಂದಿನ ಹಂತದ ವಿದ್ಯಾರ್ಥಿಗಳು ಕಿರಿಯರಿಗೆ ಪಾಠ ಹೇಳಿಕೊಡುವ ಕ್ರಮವಿತ್ತು. ಈ ಕ್ರಮವನ್ನು ಮದ್ರಾಸಿನಲ್ಲಿ ಕಂಡ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು ಇಂಗ್ಲೆಂಡಿನಲ್ಲಿ ಪ್ರಚಾರಕ್ಕೆ ತಂದಿದ್ದರು.

ಕೊರತೆಗಳನ್ನೂ ಕ್ಯಾಂಪ್‌ಬೆಲ್‌ರವರು ಮರೆಮಾಚಲಿಲ್ಲ. ಆಡುಮಾತಿಗೆ ದೂರವಾದ ಪದ್ಯಗಳನ್ನು ಮಕ್ಕಳು ಅರ್ಥ ತಿಳಿಯದೆ ಕಂಠಪಾಠ ಮಾಡುತ್ತಿದ್ದರು. ತಡವಾಗಿ ಬಂದವರಿಗೆ ಬೆತ್ತದ ಏಟು ಕಾದಿರುತ್ತಿತ್ತು. ಕಲಿಯದವರನ್ನು ಕೈಕಟ್ಟಿ ತೊಲೆಗೆ ತೂಗುಹಾಕುವ ಶಿಕ್ಷೆಯೂ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಈ 533 ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದ ನೆರವು ಇರಲಿಲ್ಲ. ಯುರೋಪಿನ ಬಟ್ಟೆಯ ಆಮದಿನಿಂದ ನೇಕಾರಿಕೆ ಕುಗ್ಗಿ, ಹಣದ ಚಲಾವಣೆ ಕಡಿಮೆಯಾಗಿ, ಅನೇಕ ಪೋಷಕರಿಗೆ ಗುರುದಕ್ಷಿಣೆ ಕೊಡುವುದೇ ಅಸಾಧ್ಯವಾಗಿತ್ತು. ಮಗುವಿನ ಕೈಕಾಲು ಗಟ್ಟಿಯಾದೊಡನೆ ಕೂಲಿಗೆ ಕಳುಹಿಸಲಾಗುತ್ತಿತ್ತು. ಹಿಂದೆ ಶಾಲೆಗಳಿದ್ದ ಅನೇಕ ಹಳ್ಳಿಗಳಲ್ಲಿ ಶಾಲೆಗಳು ಮುಚ್ಚಿಹೋಗಿದ್ದವು.

1826ರ ಯೋಜನೆ

ಎಲ್ಲ ಜಿಲ್ಲೆಗಳ ವರದಿಗಳನ್ನು ಕ್ರೋಡೀಕರಿಸಿದಾಗ ಪ್ರಾಂತ್ಯದ ಸುಮಾರು 1.28 ಕೋಟಿ ಜನರಿಗೆ 12,498 ಶಾಲೆಗಳೂ 1,88,650 ವಿದ್ಯಾರ್ಥಿಗಳೂ ಇರುವುದು ತಿಳಿದುಬಂದಿತು. ಅಂದರೆ ಪ್ರಾಂತ್ಯದಲ್ಲಿ ಸುಮಾರು 68 ಜನರಿಗೆ ಒಬ್ಬ ವಿದ್ಯಾರ್ಥಿಯಿದ್ದರೆ, ಬಳ್ಳಾರಿ ಜಿಲ್ಲೆಯಲ್ಲಿ ಸುಮಾರು 140 ಜನರಿಗೆ ಒಬ್ಬ ವಿದ್ಯಾರ್ಥಿಯಿದ್ದನು. ಮನ್ರೋರವರು ಬಹುಕಾಲ ಆಳಿದ ಸೀಮೆಯೇ ಹಿಂದುಳಿದಿತ್ತು.

1826ರ ಮಾರ್ಚ್ 10ರ ಟಿಪ್ಪಣಿಯಲ್ಲಿ ಅವರು ಪರಿಹಾರವನ್ನು ಸೂಚಿಸಿದರು. ಉಪಾಧ್ಯಾಯನ ಮಾಸಿಕ ಸಂಪಾದನೆ ಆರೇಳು ರೂಪಾಯಿಗಳನ್ನು ಮೀರದಿರುವಾಗ ಯೋಗ್ಯರು ಆ ವೃತ್ತಿಗೆ ಬರುವುದಿಲ್ಲವೆಂಬುದು ಅವರ ಅಭಿಪ್ರಾಯವಾಗಿತ್ತು. ಆದ್ದರಿಂದ 20 ಜಿಲ್ಲೆಗಳಲ್ಲಿ ತಲಾ ಎರಡರಂತೆ, ಹಿಂದೂಗಳಿಗೊಂದು ಮತ್ತು ಮುಸ್ಲಿಮರಿಗೊಂದು, 40 ಜಿಲ್ಲಾ ಶಾಲೆಗಳನ್ನೂ, ತಹಶೀಲಿಗೊಂದರಂತೆ 300 ಶಾಲೆಗಳನ್ನೂ ತೆರೆಯಬೇಕು. ಜಿಲ್ಲಾ ಶಾಲೆಯ ಉಪಾಧ್ಯಾಯರಿಗೆ ತಿಂಗಳಿಗೆ 15 ರೂ., ತಹಶೀಲು ಶಾಲೆಯವರಿಗೆ 9 ರೂ. ಸರ್ಕಾರದಿಂದ ಸಲ್ಲಬೇಕು, ಉಪಾಧ್ಯಾಯರ ತರಬೇತಿಗಾಗಿ ಮದ್ರಾಸಿನಲ್ಲಿ ತಿಂಗಳಿಗೆ 700 ರೂ. ವೆಚ್ಚ ಮಾಡಬೇಕು ಎಂದು ಪ್ರಸ್ತಾಪಿಸಿದರು. ಒಟ್ಟು ವೆಚ್ಚ ವರ್ಷಕ್ಕೆ 48,000 ರೂ. ಎಂದು ಅಂದಾಜಿಸಲಾಯಿತು. ಸಂಬಳದ ಜೊತೆಗೆ ವಿದ್ಯಾರ್ಥಿಗಳ ಶುಲ್ಕವೂ ಸೇರಿದರೆ ಉಪಾಧ್ಯಾಯನು ಗೌರವದಿಂದ ಬದುಕಬಹುದೆಂಬುದು ಲೆಕ್ಕಾಚಾರವಾಗಿತ್ತು.

ಯೋಜನೆಗೆ ಮಿತಿಗಳೂ ಇದ್ದವು. ಪಟ್ಟಿಯಲ್ಲಿ 60 ಬಾಲಕಿಯರು ಮಾತ್ರ ಇರುವುದು ತಿಳಿದಿದ್ದರೂ ಬಾಲಕಿಯರಿಗಾಗಿ ಒಂದು ಶಾಲೆಯನ್ನೂ ಸೂಚಿಸಲಿಲ್ಲ. ಶುಲ್ಕ ಕೊಡಲಾಗದ ಕೂಲಿಯವರ ಮಕ್ಕಳಿಗೆ ಪ್ರತ್ಯೇಕ ಏರ್ಪಾಡು ಇರಲಿಲ್ಲ. ಗಣತಿಯು ಕೊರತೆಯನ್ನು ತೋರಿಸಿಕೊಟ್ಟಿತು. ಹಣವು ಆ ಕೊರತೆಯ ಒಂದು ಭಾಗವನ್ನು ಮಾತ್ರ ತಲುಪುವಂತಿತ್ತು.

ನಿಧನ ಮತ್ತು ನಂತರದ ಬೆಳವಣಿಗೆ

ಸ್ವದೇಶಕ್ಕೆ ಮರಳುವ ಮುನ್ನ ದತ್ತ ಮಂಡಲವನ್ನು ಮತ್ತೊಮ್ಮೆ ನೋಡಬೇಕೆಂದು ಪ್ರವಾಸ ಕೈಗೊಂಡ ಮನ್ರೋರವರು ಕಾಲರಾ ತಗುಲಿ 1827ರ ಜುಲೈ 6ರಂದು ಇಂದಿನ ಆಂಧ್ರಪ್ರದೇಶದ ಪತ್ತಿಕೊಂಡದಲ್ಲಿ ನಿಧನರಾದರು. ಅವರ ದೇಹವನ್ನು ಗುತ್ತಿಯಲ್ಲಿ ಸಮಾಧಿ ಮಾಡಿ, ನಂತರ ಅವಶೇಷಗಳನ್ನು ಮದ್ರಾಸಿನ ಸೇಂಟ್ ಮೇರಿ ಚರ್ಚಿಗೆ ಸ್ಥಳಾಂತರಿಸಲಾಯಿತು. 1828ರಲ್ಲಿ ಕಂಪನಿಯ ನಿರ್ದೇಶಕರು ಶಾಲಾ ಯೋಜನೆಗೆ ಒಪ್ಪಿಗೆ ನೀಡಿದರು. ಆದರೆ ಉದ್ದೇಶಿಸಿದ 300 ತಹಶೀಲು ಶಾಲೆಗಳು ಪೂರ್ಣವಾಗಿ ಆರಂಭವಾಗಲೇ ಇಲ್ಲ. ಸರ್ಕಾರದ ಒಲವು ಇಂಗ್ಲಿಷ್ ಉನ್ನತ ಶಿಕ್ಷಣದತ್ತ ತಿರುಗಿ, 1836ರಲ್ಲಿ ಇವುಗಳನ್ನು ಕೈಬಿಡಲಾಯಿತು.

ಸ್ಥಳೀಯ ಸಂಸ್ಥೆಯ ಹಣದಿಂದ ಶಾಲೆ ನಡೆಸುವ ಕ್ರಮಕ್ಕೆ ಕಾನೂನಿನ ಬಲ ದೊರೆತದ್ದು ಬಹಳ ತಡವಾಗಿ. 1871ರ ಮದ್ರಾಸ್ ಸ್ಥಳೀಯ ನಿಧಿ ಕಾಯ್ದೆ, 1884ರ ಸ್ಥಳೀಯ ಮಂಡಳಿಗಳ ಕಾಯ್ದೆ ಮತ್ತು 1920ರ ಪ್ರಾಥಮಿಕ ಶಿಕ್ಷಣ ಕಾಯ್ದೆಗಳ ಮೂಲಕ ತಾಲ್ಲೂಕು ಬೋರ್ಡು ಹಾಗೂ ಜಿಲ್ಲಾ ಬೋರ್ಡುಗಳು ಈ ಹೊಣೆಯನ್ನು ವಹಿಸಿಕೊಂಡವು. ಈ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯು ರಚನೆಯಾಯಿತು.

ಇಂದಿನ ಪ್ರಸ್ತುತತೆ

1823ರ ವರದಿಯು ಎತ್ತಿ ತೋರಿಸಿದ ಕೊರತೆಗಳಿಗೆ ಉತ್ತರವು ಸುಮಾರು ಎರಡು ಶತಮಾನಗಳ ಅವಧಿಯಲ್ಲಿ ಒಂದೊಂದಾಗಿ ರೂಪುಗೊಂಡಿದೆ. 2002ರಲ್ಲಿ ಬಳ್ಳಾರಿ ಸೇರಿದಂತೆ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹದಿಂದ ಮಧ್ಯಾಹ್ನದ ಊಟವು ಶಾಲೆಯಲ್ಲಿಯೇ ದೊರೆಯುವಂತಾಯಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ, 2009ರ ಪ್ರಕಾರ 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಹಾಗೂ ಕಡ್ಡಾಯ ಶಿಕ್ಷಣದ ಹಕ್ಕಿದೆ. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕಾಗಲಿ, ವರ್ಗಾವಣೆ ಪತ್ರ ಬರುವುದು ತಡವಾಯಿತೆಂಬ ಕಾರಣಕ್ಕಾಗಲಿ ಪ್ರವೇಶ ನಿರಾಕರಿಸುವಂತಿಲ್ಲ. ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು ನಿಷೇಧಿಸಲಾಗಿದೆ.

ಶಾಲೆಯ ಹೊರಗೆ ಯಾರು ಉಳಿದಿದ್ದಾರೆ ಎಂಬುದನ್ನು ಎಣಿಸಿ ತಿಳಿಯುವುದು ಮೊದಲ ಹೆಜ್ಜೆ; ಅವರನ್ನು ಒಳಗೆ ತರಲು ಸಾರ್ವಜನಿಕ ಹಣವನ್ನು ನಿರಂತರವಾಗಿ ಒದಗಿಸುವುದು ಎರಡನೆಯ ಹೆಜ್ಜೆ. ಮನ್ರೋರವರ ಕಾಲದಲ್ಲಿ ಮೊದಲನೆಯದು ನಡೆಯಿತು, ಎರಡನೆಯದು ಹತ್ತೇ ವರ್ಷಗಳಲ್ಲಿ ನಿಂತುಹೋಯಿತು. ಮಗುವನ್ನು ಶಾಲೆಗೆ ದಾಖಲಿಸುವ ಪ್ರತಿಯೊಬ್ಬ ಪೋಷಕರೂ ಅಂದು ಅಪೂರ್ಣವಾಗಿ ಉಳಿದ ಆ ಪಟ್ಟಿಗೆ ಒಂದು ಹೆಸರನ್ನು ಸೇರಿಸುತ್ತಿದ್ದಾರೆ.