ಸಸ್ಯವಿಜ್ಞಾನಿ ಡಾ. ಬಿ.ಜಿ.ಎಲ್. ಸ್ವಾಮಿ (1918–1980)

ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲ್ಲೂಕುಗಳ ಹೊಲದ ಬದುಗಳಲ್ಲಿ ಬೆಳೆಯುವ ಕರಿಜಾಲಿಯ ವೈಜ್ಞಾನಿಕ ಹೆಸರು ಹಳೆಯ ಗ್ರಂಥಗಳಲ್ಲಿ ಅಕೇಶಿಯ ಅರೇಬಿಕ ಎಂದೂ, ಅನಂತರದವುಗಳಲ್ಲಿ ಅಕೇಶಿಯ ನಿಲೋಟಿಕ ಎಂದೂ, ಇತ್ತೀಚಿನವುಗಳಲ್ಲಿ ವಚೇಲಿಯ ನಿಲೋಟಿಕ ಎಂದೂ ಕಂಡುಬರುತ್ತದೆ. ರೈತರಿಗೆ ಮಾತ್ರ ಅದು ಅಂದಿಗೂ ಇಂದಿಗೂ ಜಾಲಿಯೇ. ಹೆಸರಿನ ಇಂತಹ ಬದಲಾವಣೆಗಳ ಹಿಂದೆ ಅನೇಕ ವೇಳೆ ಯಾವ ಸಸ್ಯ ಯಾವುದಕ್ಕೆ ಬಂಧು ಎಂಬ ಪ್ರಶ್ನೆಯಿರುತ್ತದೆ. ಈ ಪ್ರಶ್ನೆಯನ್ನು ಸೂಕ್ಷ್ಮದರ್ಶಕದ ಮೂಲಕ ಬಿಡಿಸಲು ಶ್ರಮಿಸಿದ ಕನ್ನಡಿಗರಲ್ಲಿ ಡಾ. ಬಿ.ಜಿ.ಎಲ್. ಸ್ವಾಮಿಯವರು ಅಗ್ರಗಣ್ಯರು.

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿಯವರು ಡಿ.ವಿ. ಗುಂಡಪ್ಪನವರ ಪುತ್ರರಾಗಿ 1918ರ ಫೆಬ್ರವರಿ 5ರಂದು ಜನಿಸಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಆರ್ಕಿಡ್ ಸಸ್ಯಗಳ ಭ್ರೂಣವಿಜ್ಞಾನದಲ್ಲಿ ಸಂಶೋಧನೆ ಕೈಗೊಂಡರು. ತರುವಾಯ ಅಮೇರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರೊ. ಇರ್ವಿಂಗ್ ಬೈಲಿಯವರೊಡನೆ ಕಾರ್ಯನಿರ್ವಹಿಸಿದರು.

ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯ ದ್ವೀಪದಲ್ಲಿ ಮಾತ್ರ ಬೆಳೆಯುವ ಅಂಬೊರೆಲ್ಲ ಎಂಬ ಪೊದೆಯನ್ನು ಹಿಂದಿನ ವಿದ್ವಾಂಸರು ಮೋನಿಮಿಯೇಸೀ ಕುಟುಂಬಕ್ಕೆ ಸೇರಿಸಿದ್ದರು. ಬೈಲಿ ಮತ್ತು ಸ್ವಾಮಿಯವರು ಅದರ ಕಾಂಡದ ತೆಳುಪದರಗಳನ್ನು ಪರಿಶೀಲಿಸಿದಾಗ, ಹೂಬಿಡುವ ಬಹುತೇಕ ಸಸ್ಯಗಳಲ್ಲಿರುವ ನೀರು ಸಾಗಿಸುವ ನಾಳಗಳು ಅದರಲ್ಲಿ ಇರಲಿಲ್ಲ. ಈ ವಿಶಿಷ್ಟ ರಚನೆಯನ್ನು ಅವರು 1948ರಲ್ಲಿ ಪ್ರಕಟಿಸಿದರು. ಅದೇ ವರ್ಷ ಫ್ರೆಂಚ್ ವಿಜ್ಞಾನಿ ಪಿಶೋನ್ ಆ ಸಸ್ಯಕ್ಕೆ ಪ್ರತ್ಯೇಕ ಕುಟುಂಬವನ್ನೇ ರಚಿಸಿದರು. 1999ರಲ್ಲಿ ಡಿಎನ್‌ಎ ಪರೀಕ್ಷೆಗಳು, ಇಂದು ಜೀವಿಸಿರುವ ಉಳಿದೆಲ್ಲ ಹೂಬಿಡುವ ಸಸ್ಯಗಳಿಂದ ಮೊಟ್ಟಮೊದಲು ಕವಲೊಡೆದ ವಂಶ ಅಂಬೊರೆಲ್ಲದ್ದೆಂದು ತೋರಿಸಿದವು. ಆ ವೇಳೆಗೆ ಬೈಲಿಯವರಾಗಲೀ ಸ್ವಾಮಿಯವರಾಗಲೀ ಬದುಕಿರಲಿಲ್ಲ.

ಎಲ್ಲ ನಿರ್ಣಯಗಳೂ ಹೀಗೆ ನಿಲ್ಲಲಿಲ್ಲ. ದಕ್ಷಿಣ ಭಾರತದ ಮಲೆಗಳಲ್ಲಿಯೂ ದೊರೆಯುವ ಸಾರ್ಕಾಂಡ್ರದಲ್ಲಿ ನಾಳಗಳಿಲ್ಲವೆಂದು ಇದೇ ಇಬ್ಬರು 1950ರಲ್ಲಿ ತಿಳಿಸಿದ್ದರು. 1987ರಲ್ಲಿ ಕಾರ್ಲ್‌ಕ್ವಿಸ್ಟ್ ಎಂಬ ವಿಜ್ಞಾನಿ ಅದರ ಬೇರಿನಲ್ಲಿ ನಾಳಗಳನ್ನು ಗುರುತಿಸಿದರು. ಮೆಣಸಿನ ಬಳ್ಳಿಯ ಬಳಗದಲ್ಲಿ ಎಣಿಸಲ್ಪಡುತ್ತಿದ್ದ ಈ ಸಸ್ಯದ ಕುಟುಂಬಕ್ಕೆ 2009ರ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಕ್ಲೊರಾಂಥೇಲ್ಸ್ ಎಂಬ ಪ್ರತ್ಯೇಕ ಗಣ ದೊರೆಯಿತು.

ಸ್ವದೇಶಕ್ಕೆ ಮರಳಿದ ಶ್ರೀಯುತರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ ದೀರ್ಘಕಾಲ ಸೇವೆ ಸಲ್ಲಿಸಿದರು. ವಿದ್ಯಾರ್ಥಿಗಳೊಡನೆ ಕೈಗೊಂಡ ಅಧ್ಯಯನ ಪ್ರವಾಸಗಳನ್ನು ಆಧರಿಸಿದ ಅವರ 'ಹಸುರು ಹೊನ್ನು' ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಗಿಡಮರಗಳ ವಿಷಯವನ್ನು ಇಷ್ಟು ಲವಲವಿಕೆಯಿಂದ ನಿರೂಪಿಸಿದ ಗ್ರಂಥ ಕನ್ನಡದಲ್ಲಿ ವಿರಳ. ಜೋಳದ ರೊಟ್ಟಿಯ ಜೊತೆಗಿರುವ ಮೆಣಸಿನಕಾಯಿ ಈ ನೆಲದ್ದಲ್ಲವೆಂಬುದನ್ನು ಅರಿಯಬಯಸುವವರು 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕ' ಕೃತಿಯನ್ನು ಓದಬಹುದು. ಡಾ. ಸ್ವಾಮಿಯವರು 1980ರ ನವೆಂಬರ್ 2ರಂದು ನಿಧನರಾದರು.