ಸುರಂಜನ್ ದಾಸ್

ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ (22 ಫೆಬ್ರವರಿ 1920 – 10 ಜನವರಿ 1970) ಭಾರತೀಯ ವಾಯುಪಡೆಯ ಅಧಿಕಾರಿ ಮತ್ತು ದೇಶದ ಮೊದಲ ತಲೆಮಾರಿನ ಪರೀಕ್ಷಾ ಪೈಲಟ್‌ಗಳಲ್ಲಿ ಒಬ್ಬರು. ಭಾರತದಲ್ಲಿ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನವಾದ ಎಚ್‌ಎಫ್-24 ಮಾರುತ್‌ನ ಪ್ರಥಮ ಹಾರಾಟವನ್ನು ನಡೆಸಿದವರು ಇವರೇ. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ (ಎಚ್‌ಎಎಲ್) ಸಂಸ್ಥೆಯ ಮುಖ್ಯ ಪರೀಕ್ಷಾ ಪೈಲಟ್ ಆಗಿದ್ದ ಅವರು ಅದೇ ಮಾದರಿಯ ಸುಧಾರಿತ ವಿಮಾನವೊಂದನ್ನು ಪರೀಕ್ಷಿಸುತ್ತಿದ್ದಾಗ ಅಪಘಾತದಲ್ಲಿ ನಿಧನರಾದರು. ಬೆಂಗಳೂರಿನ ಪೂರ್ವ ಭಾಗದ ಸುರಂಜನ್ ದಾಸ್ ರಸ್ತೆಗೆ ಇವರ ಹೆಸರನ್ನೇ ಇಡಲಾಗಿದೆ.

ಆರಂಭಿಕ ಜೀವನ

ದಾಸ್ ಅವರು ಬಂಗಾಳದ ಪ್ರತಿಷ್ಠಿತ ನ್ಯಾಯವಾದಿಗಳ ಮನೆತನಕ್ಕೆ ಸೇರಿದವರು. ತಂದೆ ಸುಧಿ ರಂಜನ್ ದಾಸ್ 1956ರಿಂದ 1959ರವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿಗಳಾಗಿದ್ದರು. ಅನಂತರ ಶಾಂತಿನಿಕೇತನದ ವಿಶ್ವಭಾರತಿ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಸೇವೆ ಸಲ್ಲಿಸಿದರು. ಕೇಂದ್ರದ ಕಾನೂನು ಸಚಿವರಾಗಿದ್ದ ಅಶೋಕ್ ಕುಮಾರ್ ಸೇನ್ ಇವರ ಸೋದರಿಯ ಪತಿ. ಮನೆತನದ ವೃತ್ತಿಯನ್ನು ಹಿಡಿಯದ ಸುರಂಜನ್ ದಾಸ್ ವಾಯುಪಡೆಯನ್ನು ಸೇರಿದರು.

ಪರೀಕ್ಷಾ ಪೈಲಟ್ ಆಗಿ

ದಾಸ್ ಅವರು ಇಂಗ್ಲೆಂಡಿನ ಎಂಪೈರ್ ಟೆಸ್ಟ್ ಪೈಲಟ್ಸ್ ಸ್ಕೂಲ್‌ನಲ್ಲಿ ತರಬೇತಿ ಪಡೆದರು. ಎರಡನೆಯ ಮಹಾಯುದ್ಧದ ಅವಧಿಯಲ್ಲಿ, 1943ರಲ್ಲಿ ಆರಂಭವಾದ ಈ ಶಾಲೆ, ಹೊಸ ವಿಮಾನಗಳನ್ನು ಶಾಸ್ತ್ರೀಯ ಕ್ರಮದಲ್ಲಿ ಪರೀಕ್ಷಿಸುವುದನ್ನು ಕಲಿಸುತ್ತಿತ್ತು. ಆ ಕಾಲದಲ್ಲಿ ಭಾರತದಲ್ಲಿ ಇಂತಹ ಶಾಲೆ ಇರಲಿಲ್ಲ.

ಪರೀಕ್ಷಾ ಪೈಲಟ್‌ನ ಕೆಲಸವನ್ನು ಸಾಹಸ ಪ್ರದರ್ಶನವೆಂದು ಭಾವಿಸುವುದುಂಟು. ಆದರೆ ಅದು ಮೂಲತಃ ಅಳತೆಯ ಮತ್ತು ವರದಿಯ ಕೆಲಸ. ವಿಮಾನವು ಎಷ್ಟು ಕಡಿಮೆ ವೇಗದಲ್ಲಿ ತೇಲಿ ನಿಲ್ಲಬಲ್ಲದು, ಎಷ್ಟು ಹೆಚ್ಚು ವೇಗದಲ್ಲಿ ಕಂಪಿಸತೊಡಗುತ್ತದೆ, ಒಂದು ಎಂಜಿನ್ ನಿಂತರೆ ಯಾವ ಕಡೆಗೆ ಎಳೆಯುತ್ತದೆ ಎಂಬುದನ್ನೆಲ್ಲ ಹಂತಹಂತವಾಗಿ ಕಂಡುಕೊಂಡು ವಿನ್ಯಾಸಕಾರರಿಗೆ ತಿಳಿಸಬೇಕು. ಇಂದು ಪ್ರಯಾಣಿಕ ವಿಮಾನದ ಪೈಲಟ್‌ಗಳು ನೆಚ್ಚಿಕೊಳ್ಳುವ ಕೈಪಿಡಿಗಳಲ್ಲಿರುವ ವೇಗದ ಮಿತಿಗಳಿಗೂ, ಎಂಜಿನ್ ಹಾಗೂ ರೆಕ್ಕೆಗಳ ಮೇಲೆ ಮಂಜುಗಡ್ಡೆ ಕಟ್ಟದಂತೆ ತಡೆಯುವ ಸಾಧನವನ್ನು ಯಾವಾಗ ಬಳಸಬೇಕೆಂಬ ಸೂಚನೆಗಳಿಗೂ ಹಿಂದೆ ಇಂತಹ ಪರೀಕ್ಷಾ ಹಾರಾಟಗಳಿವೆ.

ಬ್ರಿಟನ್ನಿನ ಫೋಲ್ಯಾಂಡ್ ಕಂಪನಿಯ ನ್ಯಾಟ್ ಯುದ್ಧವಿಮಾನವನ್ನು ಭಾರತ ಆಯ್ಕೆ ಮಾಡಿಕೊಂಡ ಸಂದರ್ಭದಲ್ಲಿ ಅದರ ಪರೀಕ್ಷೆಯಲ್ಲಿ ದಾಸ್ ಪಾಲ್ಗೊಂಡಿದ್ದರು. ಈ ವಿಮಾನವನ್ನು ಮುಂದೆ ಪರವಾನಗಿಯ ಮೇಲೆ ಬೆಂಗಳೂರಿನಲ್ಲಿಯೇ ತಯಾರಿಸಲಾಯಿತು.

ಮಾರುತ್ ಯೋಜನೆ

1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಕಾರದಿಂದ ಸ್ಥಾಪಿಸಿದ ವಿಮಾನ ಕಾರ್ಖಾನೆಯು 1950ರ ದಶಕದಲ್ಲಿ ಸ್ವಂತ ವಿನ್ಯಾಸದ ಯುದ್ಧವಿಮಾನಕ್ಕೆ ಕೈಹಾಕಿತು. ವಾಯುಪಡೆಯು ಶಬ್ದದ ಎರಡು ಪಟ್ಟು ವೇಗ, 60,000 ಅಡಿ ಎತ್ತರ ಮತ್ತು ಸುಮಾರು 800 ಕಿಲೋಮೀಟರ್ ಕಾರ್ಯಾಚರಣಾ ತ್ರಿಜ್ಯವನ್ನು ಬಯಸಿತ್ತು. ವಿನ್ಯಾಸದ ಹೊಣೆ ಹೊತ್ತ ಜರ್ಮನ್ ಎಂಜಿನಿಯರ್ ಕರ್ಟ್ ಟ್ಯಾಂಕ್ 1956ರಲ್ಲಿ ತಮ್ಮ ತಂಡದೊಡನೆ ಬೆಂಗಳೂರಿಗೆ ಬಂದರು.

ಎಂಜಿನ್ ಹೊತ್ತ ವಿಮಾನವನ್ನು ನೇರವಾಗಿ ಆಕಾಶಕ್ಕೆ ಏರಿಸದೆ, ಮೊದಲು ಅದೇ ಆಕಾರದ, ಪೂರ್ಣ ಗಾತ್ರದ ಮರದ ಗ್ಲೈಡರ್ ಒಂದನ್ನು ನಿರ್ಮಿಸಲಾಯಿತು. ಎಕ್ಸ್-241 ಎಂಬ ಈ ಎರಡು ಆಸನಗಳ ಗ್ಲೈಡರನ್ನು ಡಕೋಟ ವಿಮಾನಕ್ಕೆ ಕಟ್ಟಿ ಮೇಲಕ್ಕೆ ಎಳೆದೊಯ್ದು ಬಿಡಲಾಗುತ್ತಿತ್ತು. 1959ರಿಂದ ಮುಂದಿನ ಒಂದು ವರ್ಷದಲ್ಲಿ ಇದು 78 ಬಾರಿ ಹಾರಿತು. ಹಿಂದಕ್ಕೆ ಬಾಗಿದ ರೆಕ್ಕೆಗಳ ಈ ಆಕಾರವು ಕಡಿಮೆ ವೇಗದಲ್ಲಿ ಹೇಗೆ ವರ್ತಿಸುತ್ತದೆ ಎಂಬ ಅನುಭವವು ಪೈಲಟ್‌ಗಳಿಗೂ ವಿನ್ಯಾಸಕಾರರಿಗೂ ಇದರಿಂದ ಮುಂಚಿತವಾಗಿಯೇ ದೊರೆಯಿತು.

1961ರ ಜೂನ್ 17ರಂದು, ಆಗ ವಿಂಗ್ ಕಮಾಂಡರ್ ಆಗಿದ್ದ ದಾಸ್ ಅವರು ಮಾರುತ್‌ನ ಮೊದಲ ಮಾದರಿಯನ್ನು ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಹಾರಿಸಿದರು. ಒಂದು ವಾರದ ಬಳಿಕ, ಜೂನ್ 24ರಂದು, ರಕ್ಷಣಾ ಸಚಿವ ವಿ. ಕೆ. ಕೃಷ್ಣ ಮೆನನ್ ಅವರ ಸಮ್ಮುಖದಲ್ಲಿ ಸಾರ್ವಜನಿಕ ಪ್ರದರ್ಶನ ನಡೆಯಿತು. ಯುರೋಪಿನ ಹೊರಗಿನ ಏಷ್ಯಾದ ದೇಶವೊಂದು ಜೆಟ್ ಯುದ್ಧವಿಮಾನವನ್ನು ಕಟ್ಟಿ ಹಾರಿಸುವುದು ಆ ಕಾಲಕ್ಕೆ ಅಪರೂಪದ ಸಂಗತಿಯಾಗಿತ್ತು. 1964ರ ಸೆಪ್ಟೆಂಬರ್ 4ರಂದು ಎಚ್‌ಎಎಲ್‌ನ ಜೆಟ್ ತರಬೇತಿ ವಿಮಾನ ಕಿರಣ್‌ನ ಪ್ರಥಮ ಹಾರಾಟವನ್ನೂ ದಾಸ್ ಅವರೇ ನಡೆಸಿದರು. ಮುಂದೆ ಹಲವು ದಶಕಗಳ ಕಾಲ ವಾಯುಪಡೆಯ ಪೈಲಟ್‌ಗಳು ಈ ವಿಮಾನದಲ್ಲಿ ತರಬೇತಿ ಪಡೆದರು.

ಎಂಜಿನ್ನಿನ ಕೊರತೆ

ಮಾರುತ್‌ನ ದೇಹರಚನೆ ಉತ್ತಮವಾಗಿತ್ತು. ಆದರೆ ಅದಕ್ಕೆ ತಕ್ಕ ಎಂಜಿನ್ ಸಿಗಲಿಲ್ಲ. ಯೋಜಿಸಿದ್ದ ಆರ್ಫಿಯಸ್ 12 ಎಂಜಿನ್ ಆಫ್ಟರ್‌ಬರ್ನರ್ ಸಹಿತ ಸುಮಾರು 8,170 ಪೌಂಡ್ ನೂಕುಬಲ ನೀಡಬೇಕಿತ್ತು. ಬ್ರಿಟನ್ನಿನಲ್ಲಿ ಅದರ ಅಭಿವೃದ್ಧಿ ನಿಂತುಹೋದುದರಿಂದ, 4,850 ಪೌಂಡ್ ನೂಕುಬಲದ ಆರ್ಫಿಯಸ್ 703 ಎಂಜಿನ್‌ಗಳು ಎರಡನ್ನು ಅಳವಡಿಸಬೇಕಾಯಿತು. ಪರಿಣಾಮವಾಗಿ, ಶಬ್ದದ ಎರಡು ಪಟ್ಟು ವೇಗಕ್ಕೆಂದು ಕಲ್ಪಿಸಿದ ವಿಮಾನವು ಸಮತಲ ಹಾರಾಟದಲ್ಲಿ ಶಬ್ದವೇಗದ ಅಂಚನ್ನಷ್ಟೇ ಮುಟ್ಟಿತು. ಈಜಿಪ್ಟ್‌ನಲ್ಲಿ ಸಿದ್ಧವಾಗುತ್ತಿದ್ದ ಇ-300 ಎಂಜಿನನ್ನು ಮಾರುತ್‌ಗೆ ಜೋಡಿಸುವ ಪ್ರಯತ್ನವೂ ಫಲಿಸಲಿಲ್ಲ.

ಇಂತಹ ಸ್ಥಿತಿಯಲ್ಲಿ ಪರೀಕ್ಷಾ ಪೈಲಟ್‌ನ ಹೊಣೆ ಸೂಕ್ಷ್ಮವಾದುದು. ತಯಾರಕರು ಯೋಜನೆಯ ಯಶಸ್ಸನ್ನು ಬಯಸುತ್ತಾರೆ. ವಾಯುಪಡೆಯು ತನ್ನ ಪೈಲಟ್‌ಗಳಿಗೆ ನಂಬಿಕೆಗೆ ಅರ್ಹವಾದ ವಿಮಾನವನ್ನು ಬಯಸುತ್ತದೆ. ವಾಯುಪಡೆಯ ಅಧಿಕಾರಿಯಾಗಿದ್ದುಕೊಂಡೇ ಕಾರ್ಖಾನೆಯ ಮುಖ್ಯ ಪರೀಕ್ಷಾ ಪೈಲಟ್ ಆಗಿದ್ದ ದಾಸ್ ಈ ಎರಡರ ನಡುವಿನ ಕೊಂಡಿಯಾಗಿದ್ದರು. ಮಾರುತ್ ವಿಮಾನಗಳನ್ನು ಹೊಂದಿದ ಮೊದಲ ದಳವು 1967ರಲ್ಲಿ ಸಿದ್ಧವಾಯಿತು.

ಮರಣ

ಬೆಂಗಳೂರಿನ ಗ್ಯಾಸ್ ಟರ್ಬೈನ್ ರಿಸರ್ಚ್ ಎಸ್ಟಾಬ್ಲಿಷ್‌ಮೆಂಟ್ ಆರ್ಫಿಯಸ್ 703 ಎಂಜಿನ್ನಿಗೆ ಆಫ್ಟರ್‌ಬರ್ನರ್ ವ್ಯವಸ್ಥೆಯನ್ನು ರೂಪಿಸಿತು. ಎಂಜಿನ್ನಿನಿಂದ ಹೊರಬರುವ ಬಿಸಿ ಅನಿಲಕ್ಕೆ ಮತ್ತೆ ಇಂಧನ ಸೇರಿಸಿ ಉರಿಸುವ ಮೂಲಕ ನೂಕುಬಲವನ್ನು ಹೆಚ್ಚಿಸುವುದು ಇದರ ತತ್ತ್ವ. ಇದನ್ನು ಅಳವಡಿಸಿದ ಮಾರುತ್ ಮಾರ್ಕ್ 1ಆರ್ ವಿಮಾನದ ಪರೀಕ್ಷೆಗೆಂದು ದಾಸ್ ಅವರು 1970ರ ಜನವರಿ 10ರಂದು ಹಾರಾಟ ಕೈಗೊಂಡರು. ನೆಲ ಬಿಟ್ಟ ಸ್ವಲ್ಪ ಹೊತ್ತಿನಲ್ಲಿಯೇ ವಿಮಾನ ಅಪಘಾತಕ್ಕೀಡಾಗಿ ಅವರು ಮೃತಪಟ್ಟರು. ಐವತ್ತು ವರ್ಷ ತುಂಬಲು ಆಗ ಇನ್ನು ಒಂದೂವರೆ ತಿಂಗಳಿಗೂ ಕಡಿಮೆ ಅವಧಿಯಿತ್ತು. ವೃದ್ಧರಾಗಿದ್ದ ತಂದೆಯವರು ಮಗನ ಸಾವನ್ನು ಕಾಣಬೇಕಾಯಿತು. ಅವರು 1977ರವರೆಗೆ ಬದುಕಿದ್ದರು. ದಾಸ್ ಅವರಿಗೆ 1970ರಲ್ಲಿಯೇ ಮರಣೋತ್ತರವಾಗಿ ಪದ್ಮ ಪ್ರಶಸ್ತಿ ನೀಡಲಾಯಿತು.

ಆಫ್ಟರ್‌ಬರ್ನರ್ ಹೊಂದಿದ ಮಾರುತ್ ಉತ್ಪಾದನೆಯ ಹಂತವನ್ನು ತಲುಪಲಿಲ್ಲ. ತಯಾರಾದ ಮಾರುತ್‌ಗಳ ಒಟ್ಟು ಸಂಖ್ಯೆ 147. ಅವುಗಳಲ್ಲಿ 18 ಎರಡು ಆಸನಗಳ ತರಬೇತಿ ವಿಮಾನಗಳು.

ಪರಂಪರೆ

ದಾಸ್ ಅವರ ಮರಣದ ಮರುವರ್ಷ, 1971ರ ಯುದ್ಧದಲ್ಲಿ, ಮಾರುತ್‌ಗಳು ರಾಜಸ್ಥಾನದ ಗಡಿಯಲ್ಲಿ ಭೂದಾಳಿಗೆ ಬಳಕೆಯಾದವು. ನೆಲದಿಂದ ಬಂದ ಗುಂಡಿನೇಟಿಗೆ ಒಂದು ಎಂಜಿನ್ ಹಾಳಾದಾಗಲೂ, ಉಳಿದ ಒಂದೇ ಎಂಜಿನ್ನಿನ ಬಲದಿಂದ ಮಾರುತ್ ನೆಲೆಗೆ ಮರಳಿದ ನಿದರ್ಶನಗಳಿವೆ. ಹೈಡ್ರಾಲಿಕ್ ವ್ಯವಸ್ಥೆ ಕೈಕೊಟ್ಟರೆ ಪೈಲಟ್ ಕೈಬಲದಿಂದಲೇ ವಿಮಾನವನ್ನು ನಿಯಂತ್ರಿಸುವ ಅನುಕೂಲವೂ ಅದರಲ್ಲಿತ್ತು. ವೇಗದಲ್ಲಿ ನಿರೀಕ್ಷೆ ಮುಟ್ಟದಿದ್ದರೂ, ಒಳಗೆ ಕುಳಿತವನನ್ನು ಹಿಂದಿರುಗಿ ಕರೆತರುವ ವಿಷಯದಲ್ಲಿ ಆ ವಿಮಾನ ಪೈಲಟ್‌ಗಳ ವಿಶ್ವಾಸ ಗಳಿಸಿತು.

1970ರ ದಶಕದಲ್ಲಿ ವಾಯುಪಡೆಯು ಬೆಂಗಳೂರಿನಲ್ಲಿ ತನ್ನದೇ ಪರೀಕ್ಷಾ ಪೈಲಟ್ ಶಾಲೆಯನ್ನು ಆರಂಭಿಸಿತು. ಅಲ್ಲಿ ಸರ್ವತೋಮುಖ ಸಾಧನೆ ತೋರಿದ ವಿದ್ಯಾರ್ಥಿ ಪರೀಕ್ಷಾ ಪೈಲಟ್‌ಗೆ ಸುರಂಜನ್ ದಾಸ್ ಟ್ರೋಫಿಯನ್ನು ನೀಡಲಾಗುತ್ತದೆ. ಹೀಗೆ ಪರದೇಶದಲ್ಲಿ ಕಲಿತುಬಂದ ಒಬ್ಬರ ವಿದ್ಯೆಯ ಪರಂಪರೆಯನ್ನು ಈ ನಗರದಲ್ಲಿಯೇ ಕಲಿತವರು ಮುಂದುವರಿಸಿದ್ದಾರೆ.

ದಾಸ್ ಅವರ ಕಾಲದಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಆಸುಪಾಸಿನ ದೊಡ್ಡನೆಕ್ಕುಂದಿ, ಮಾರತ್ತಹಳ್ಳಿ, ಗರುಡಾಚಾರ್‌ಪಾಳ್ಯಗಳು ನಗರದ ಹೊರಗಿನ ಹಳ್ಳಿಗಳಾಗಿದ್ದವು. ಇಂದು ಅವು ಬೆಂಗಳೂರಿನ ಬಡಾವಣೆಗಳು. ಗರುಡಾಚಾರ್‌ಪಾಳ್ಯದಿಂದ ಕೆ. ಆರ್. ಪುರದ ಮೂಲಕ ಹಳೆಯ ಮದ್ರಾಸು ರಸ್ತೆಯಲ್ಲಿ ಹಲಸೂರಿನ ಕಡೆಗೆ ಸಾಗುವವರಿಗೆ ಬೈಯಪ್ಪನಹಳ್ಳಿಯ ಬಳಿ ಎಡಕ್ಕೆ ಸುರಂಜನ್ ದಾಸ್ ರಸ್ತೆ ಸಿಗುತ್ತದೆ. ಅದು ತಿಪ್ಪಸಂದ್ರದ ಪಕ್ಕದಲ್ಲಿ ಹಾದು, ಅವರು ಮಾರುತ್ ಹಾರಿಸಿದ ಎಚ್‌ಎಎಲ್ ಪ್ರದೇಶವನ್ನು ತಲುಪುತ್ತದೆ.